ಕರೆಂಟು ಹೋದರೆ ರೋಲರ್ ಕೋಸ್ಟರ್ ಏನಾಗುತ್ತದೆ?

ಪ್ರಶ್ನೆ: ನನಗೆ 57 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮಗಳು, ಅಳಿಯ ಅಬುಧಾಬಿಯಲ್ಲಿದ್ದಾರೆ. ಮುಂದಿನ ತಿಂಗಳು ನಾನೂ ನನ್ನ ಮನೆಯವಳೂ ಅಲ್ಲಿಗೆ ಹೋಗುತ್ತಿದ್ದೇವೆ. ಫೆರಾರಿ ವರ್ಲ್ಡ್‌ನಲ್ಲಿರುವ ಫಾರ್ಮುಲಾ ರೊಸ್ಸಾ ಎಂಬ ರೋಲರ್ ಕೋಸ್ಟರ್‌ನಲ್ಲಿ ಅಪ್ಪಯ್ಯ ಕೂರಲೇಬೇಕು ಅಂತ ಮಗಳ ಹಟ. ವಿಡಿಯೋ ಕಳಿಸಿದ್ದಾಳೆ. ಅದರಲ್ಲಿ ಮೇಲಕ್ಕೆ ಎಳೆಯುವ ಚೈನೇ ಕಾಣಲಿಲ್ಲ, ನಿಂತಲ್ಲಿಂದಲೇ ಕೋವಿಯ ಗುಂಡಿನ ಹಾಗೆ ಹೋಗುತ್ತದೆ. ಅದನ್ನು ನೂಕುವುದು ಏನು? ನಮ್ಮಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಕರೆಂಟು ಹೋಗುತ್ತದೆ. ಅಷ್ಟು ವೇಗದಲ್ಲಿರುವಾಗ ಕರೆಂಟು ಹೋದರೆ ಗತಿಯೇನು? ಇನ್ನೊಂದು ವಿಡಿಯೋದಲ್ಲಿ ಇಂಥದೇ ಬಂಡಿ ಅರ್ಧ ಏರು ಹತ್ತಿ ಹಿಂದಕ್ಕೇ ಜಾರಿ ಬಂದದ್ದನ್ನು ನೋಡಿ ಎದೆ ಝಲ್ಲೆಂದಿತು. ಬಿಪಿಗೆ ದಿನಾ ಒಂದು ಮಾತ್ರೆ ನುಂಗುತ್ತೇನೆ. ಕೂರಬಹುದೇ?

ಉತ್ತರ: ಕರೆಂಟಿನ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ಭಯದ ಬೇರು ಅಲ್ಲೇ ಇದೆ ಅನ್ನಿಸಿತು. ಇಂಥ ಕೋಸ್ಟರ್‌ಗೆ ಹೊರಡುವುದಕ್ಕೆ ಕರೆಂಟು ಬೇಕು, ನಿಲ್ಲುವುದಕ್ಕೆ ಬೇಡ. ಹೊರಟ ಐದು ಸೆಕೆಂಡಿನ ನಂತರ ಇಡೀ ಊರಿನ ಕರೆಂಟು ಹೋದರೂ ಬಂಡಿ ತನ್ನ ದಾರಿಯಲ್ಲಿ ಹೋಗಿ, ಬ್ರೇಕಿನ ಜಾಗಕ್ಕೆ ಬಂದು ನಿಧಾನವಾಗುತ್ತದೆ, ನಿಲ್ಲುತ್ತದೆ. ಅಲ್ಲಿ ಸ್ವಲ್ಪ ಹೊತ್ತು ಕುಳಿತಿರಬೇಕಾಗಬಹುದು, ಅಷ್ಟೇ. ಇಪ್ಪತ್ತೆರಡು ವರ್ಷ ಪಾರ್ಕ್‌ಗಳಲ್ಲಿ ರೈಡ್‌ಗಳ ಮೇಂಟೆನೆನ್ಸ್ ನೋಡಿಕೊಂಡು, ಈಗ ಸಾಗರದಲ್ಲಿ ನೆಲೆಸಿರುವ ಮೆಕ್ಯಾನಿಕಲ್ ಎಂಜಿನಿಯರ್ ನಾನು. ಧೈರ್ಯ ಹೇಳಬೇಕೆಂದು ಈ ಮಾತು ಹೇಳುತ್ತಿಲ್ಲ. ಯಂತ್ರವನ್ನು ಕಟ್ಟಿರುವುದೇ ಹಾಗೆ. ಹೇಗೆಂದು ಬಿಡಿಸಿ ಹೇಳುತ್ತೇನೆ.

ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡಿದ್ದೀರಲ್ಲ? ಬಿದ್ದ ಸೋಗೆಯ ಹಾಳೆಯ ಮೇಲೆ ಒಬ್ಬ ಕೂರುವುದು, ಇನ್ನೊಬ್ಬ ಸೋಗೆಯ ತುದಿ ಹಿಡಿದು ಅಂಗಳದ ತುಂಬ ಓಡುವುದು. ಎಳೆಯುವವನು ಮೊದಲ ಹೆಜ್ಜೆಗೇ ಜೋರಾಗಿ ಜಗ್ಗಿದರೆ ಕೂತವನು ಹಿಂದಕ್ಕೆ ಮಲಗಿಬಿಡುತ್ತಾನೆ. ಅಂಗಳದ ಕೊನೆಯಲ್ಲಿ ಎಳೆಯುವವನು ಕೈಬಿಟ್ಟು ಪಕ್ಕಕ್ಕೆ ಸರಿದರೆ ಹಾಳೆ ತಾನೇ ಇನ್ನಷ್ಟು ದೂರ ಜಾರಿಕೊಂಡು ಹೋಗುತ್ತದೆ. ಫಾರ್ಮುಲಾ ರೊಸ್ಸಾದಲ್ಲಿ ನಡೆಯುವುದು ಇದೇ. ಸೋಗೆಯ ಜಾಗದಲ್ಲಿ ಉಕ್ಕಿನ ಹಗ್ಗ, ಓಡುವ ಹುಡುಗನ ಜಾಗದಲ್ಲಿ ದೊಡ್ಡ ವಿಂಚ್. ಕೈಬಿಟ್ಟ ಮೇಲೆ ಬಂಡಿಯನ್ನು ಯಾರೂ ಎಳೆಯುತ್ತಿಲ್ಲ, ಯಾರೂ ನೂಕುತ್ತಿಲ್ಲ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಹಳೆಯ ಬಗೆಯ ಕೋಸ್ಟರ್‌ನಲ್ಲಿ ಚೈನು ಬಂಡಿಯನ್ನು ಎತ್ತರಕ್ಕೆ ಒಯ್ದು ಬಿಡುತ್ತದೆ, ಇಳಿಜಾರಿನಲ್ಲಿ ವೇಗ ತಾನಾಗಿ ಬರುತ್ತದೆ. ಬಿಡದಿಯ ವಂಡರ್‌ಲಾದಲ್ಲಿರುವ ರಿಕಾಯಿಲ್ ಕೂಡ ಎತ್ತರದಿಂದಲೇ ವೇಗ ಪಡೆಯುವಂಥದ್ದು. ಬಂಡಿಯನ್ನು ಹಿಂದುಹಿಂದಕ್ಕೆ ಮೇಲೆಳೆದು ಕೈಬಿಡುತ್ತಾರೆ. ಈ ಕ್ರಮದಲ್ಲಿ ಹೆಚ್ಚು ವೇಗ ಬೇಕೆಂದರೆ ಹೆಚ್ಚು ಎತ್ತರ ಬೇಕು, ಬೇರೆ ದಾರಿಯಿಲ್ಲ. ಫಾರ್ಮುಲಾ ರೊಸ್ಸಾದ ವೇಗ ಗಂಟೆಗೆ 240 ಕಿಲೋಮೀಟರ್. 2010ರಲ್ಲಿ ತೆರೆದಾಗ ಜಗತ್ತಿನಲ್ಲೇ ಅತಿ ವೇಗದ್ದು. ಬರೀ ಇಳಿಜಾರಿನಿಂದ ಆ ವೇಗ ಬರಬೇಕಾದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ, ಸುಮಾರು 227 ಮೀಟರ್ ಎತ್ತರದಿಂದ ಬೀಳಬೇಕು. ನಮ್ಮ ಜೋಗದ ಎತ್ತರ 253 ಮೀಟರ್. ಅಂದರೆ ಹೆಚ್ಚುಕಡಿಮೆ ರಾಜಾ ಧುಮುಕುವಷ್ಟು ಎತ್ತರದ ಉಕ್ಕಿನ ಗುಡ್ಡವೊಂದನ್ನು ಮರಳುಗಾಡಿನಲ್ಲಿ ಕಟ್ಟಿ, ಚೈನಿನಲ್ಲಿ ಜನರನ್ನು ಅದರ ನೆತ್ತಿಗೆ ಏರಿಸಬೇಕಾಗುತ್ತಿತ್ತು. ಅದರ ಬದಲು ಅಷ್ಟೂ ವೇಗವನ್ನು ನೆಲದ ಮಟ್ಟದಲ್ಲೇ 4.9 ಸೆಕೆಂಡಿನಲ್ಲಿ ಕೊಟ್ಟುಬಿಡುತ್ತಾರೆ. ನೀವು ಅಲ್ಲಿ ಏರುವ ಅತಿ ಎತ್ತರದ ದಿಬ್ಬ 52 ಮೀಟರ್ ಮಾತ್ರ.

ಇನ್ನು ಆ ಶಕ್ತಿಯ ಲೆಕ್ಕ. ಬಹಳ ಜನ ಇಲ್ಲೇ ತಪ್ಪು ಊಹೆ ಮಾಡುತ್ತಾರೆ. ಜನರೂ ಸೇರಿ ಬಂಡಿಯ ತೂಕ 10 ಟನ್ ಎಂದು ಹಿಡಿಯೋಣ. ಅದನ್ನು 240 ಕಿ.ಮೀ. ವೇಗಕ್ಕೆ ತರಲು ಬೇಕಾಗುವ ವಿದ್ಯುತ್ತು ಸುಮಾರು 6 ಯೂನಿಟ್. ಆರೇ ಯೂನಿಟ್! ಮೆಸ್ಕಾಂ ಬಿಲ್ಲಿನಲ್ಲಿ ಅದು ಲೆಕ್ಕಕ್ಕೇ ಸಿಗದ ಮೊತ್ತ. ಆದರೆ ಆ ಆರು ಯೂನಿಟ್ಟನ್ನು ಐದು ಸೆಕೆಂಡಿನೊಳಗೆ ಸುರಿಯಬೇಕು. ಆ ಐದು ಸೆಕೆಂಡಿನ ಮಟ್ಟಿಗೆ ಬೇಕಾಗುವುದು ಸುಮಾರು 4.5 ಮೆಗಾವ್ಯಾಟ್, ಅಂದರೆ 5 ಎಚ್‌ಪಿಯ 1,200 ಪಂಪ್‌ಸೆಟ್‌ಗಳನ್ನು ಒಂದೇ ಕ್ಷಣಕ್ಕೆ ಸ್ಟಾರ್ಟ್ ಮಾಡಿದಂತೆ. ಯಾವ ವಿದ್ಯುತ್ ಕಂಪನಿಯೂ ಒಂದೂವರೆ ನಿಮಿಷಕ್ಕೊಮ್ಮೆ ಇಂಥ ಹೊಡೆತವನ್ನು ತನ್ನ ಲೈನಿನ ಮೇಲೆ ಸುಲಭವಾಗಿ ಬಿಟ್ಟುಕೊಳ್ಳುವುದಿಲ್ಲ.

ಹಾಗಾಗಿ ಕೂಡಿಡಬೇಕು. ಶರಾವತಿಯಲ್ಲಿ ಇದೇ ನಡೆಯುತ್ತದೆ. ಲಿಂಗನಮಕ್ಕಿಯಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ, ಅಲ್ಲಿಂದ ತಳಕಳಲೆಗೆ ಬರುತ್ತದೆ, ಪವರ್‌ಹೌಸಿಗೆ ಬೇಕಾದಾಗ ಬೇಕಾದಷ್ಟು ಇಳಿಯುತ್ತದೆ. ತುಂಬುವ ವೇಗ ಬೇರೆ, ಬಿಡುವ ವೇಗ ಬೇರೆ. ಫಾರ್ಮುಲಾ ರೊಸ್ಸಾದ್ದು ಹೈಡ್ರಾಲಿಕ್ ಲಾಂಚ್, ಅಂದರೆ ಎಣ್ಣೆಯ ಒತ್ತಡದಿಂದ ಬಂಡಿಯನ್ನು ಹಾರಿಸುವ ಕ್ರಮ. ಅದರಲ್ಲಿ ಅಣೆಕಟ್ಟಿನ ಕೆಲಸವನ್ನು ನೈಟ್ರೋಜನ್ ಅನಿಲ ಮಾಡುತ್ತದೆ. ಜನ ಹತ್ತುವ, ಬೆಲ್ಟ್ ಹಾಕಿಕೊಳ್ಳುವ ಹೊತ್ತಿನಲ್ಲಿ ಪಂಪುಗಳು ಎಣ್ಣೆಯನ್ನು ದಪ್ಪ ಉಕ್ಕಿನ ಸಿಲಿಂಡರ್‌ಗಳಿಗೆ ನೂಕುತ್ತಿರುತ್ತವೆ. ಒಳಗಿನ ನೈಟ್ರೋಜನ್ ಇಷ್ಟಿಷ್ಟೇ ಕುಗ್ಗುತ್ತ ಬಿಗಿಯಾಗುತ್ತದೆ. ಒಂದೂವರೆ ನಿಮಿಷದಲ್ಲಿ ತುಂಬುವುದಾದರೆ, ಸೋರಿಕೆ, ತಿಕ್ಕಾಟಗಳನ್ನು ಬಿಟ್ಟು, 250 ಕಿಲೋವ್ಯಾಟ್ ಸಾಕು. 1,200 ಪಂಪ್‌ಸೆಟ್ಟಿನ ಜಾಗದಲ್ಲಿ 66 ಸಾಕಾದಂತಾಯಿತು. ಹೊರಡುವ ಗಳಿಗೆಯಲ್ಲಿ ವಾಲ್ವುಗಳು ತೆರೆದುಕೊಳ್ಳುತ್ತವೆ. ಬಿಗಿದು ಕೂತಿದ್ದ ಅನಿಲ ಎಣ್ಣೆಯನ್ನು ಹೊರಗೆ ಒತ್ತುತ್ತದೆ, ಎಣ್ಣೆ ಒಂದು ದೊಡ್ಡ ಡ್ರಮ್ಮಿನ ಸುತ್ತ ಇರುವ ಹೈಡ್ರಾಲಿಕ್ ಮೋಟರುಗಳನ್ನು ತಿರುಗಿಸುತ್ತದೆ, ಡ್ರಮ್ಮು ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುತ್ತದೆ, ಹಗ್ಗದ ಇನ್ನೊಂದು ತುದಿಯ ಎಳೆಗಾಡಿ ನಿಮ್ಮ ಬಂಡಿಯನ್ನು ಕೊಕ್ಕೆ ಹಾಕಿ ಎಳೆದೊಯ್ಯುತ್ತದೆ. ಹಳಿಯ ಒಂದು ಹಂತದಲ್ಲಿ ಎಳೆಗಾಡಿ ನಿಲ್ಲುತ್ತದೆ, ನೀವು ಮುಂದೆ ಹೋಗುತ್ತೀರಿ. ವೇಗ ಒಂದೇ ಸಮನೆ ಏರುತ್ತದೆ ಎಂದುಕೊಂಡರೆ ಇದಕ್ಕೆ ಬೇಕಾಗುವ ಹಳಿಯ ಉದ್ದ ಸುಮಾರು 160 ಮೀಟರ್.

ಇನ್ನೊಂದು ಬಗೆ ಆಯಸ್ಕಾಂತದ್ದು. ಈಗ ಹೊಸದಾಗಿ ಕಟ್ಟುವವರು ಹೆಚ್ಚಾಗಿ ಇದನ್ನೇ ಆರಿಸುತ್ತಾರೆ. ತೋಟದ ಪಂಪ್‌ಸೆಟ್ಟಿನ ಮೋಟರನ್ನು ವೈಂಡಿಂಗ್‌ಗೆ ಬಿಚ್ಚಿದ್ದು ನೋಡಿರುತ್ತೀರಿ. ಹೊರಗೆ ಗುಂಡಗೆ ತಾಮ್ರದ ಕಾಯಿಲ್‌ಗಳು, ಒಳಗೆ ತಿರುಗುವ ರೋಟರ್. ಆ ಗುಂಡಗಿನ ಕವಚವನ್ನು ಒಂದು ಕಡೆ ಸೀಳಿ, ಬಿಡಿಸಿ, ಚಾಪೆಯಂತೆ ಉದ್ದಕ್ಕೆ ಹಾಸಿದರೆ ಏನಾಗುತ್ತದೆ? ತಿರುಗುತ್ತಿದ್ದ ಕಾಂತಕ್ಷೇತ್ರ ಈಗ ನೇರವಾಗಿ ಓಡುತ್ತದೆ. ಬಂಡಿಯ ಅಡಿಗೆ ಅಲ್ಯುಮಿನಿಯಂ ಪಟ್ಟಿ ಕಟ್ಟಿದರೆ ಆ ಓಡುವ ಕ್ಷೇತ್ರ ಪಟ್ಟಿಯನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಇದು ಲೀನಿಯರ್ ಇಂಡಕ್ಷನ್ ಮೋಟರ್. ಪಟ್ಟಿಯ ಬದಲು ಬಲವಾದ ಕಾಯಂ ಆಯಸ್ಕಾಂತಗಳನ್ನೇ ಕಟ್ಟಿ, ಬಂಡಿ ಎಲ್ಲಿದೆ ಎಂದು ಸೆನ್ಸರ್‌ಗಳಿಂದ ತಿಳಿದು, ಅದರ ಹೆಜ್ಜೆಗೆ ಸರಿಯಾಗಿ ಕಾಯಿಲ್‌ಗಳನ್ನು ಚಾಲೂ ಮಾಡುತ್ತ ಹೋದರೆ ಅದು ಲೀನಿಯರ್ ಸಿಂಕ್ರೊನಸ್ ಮೋಟರ್. ಹಗ್ಗವಿಲ್ಲ, ಎಣ್ಣೆಯಿಲ್ಲ, ಒಂದಕ್ಕೊಂದು ತಾಗುವ ಭಾಗವೇ ಇಲ್ಲ. ಮೇಂಟೆನೆನ್ಸ್‌ನವನಾಗಿ ನನಗೆ ಇದೇ ಇಷ್ಟ. ಉಕ್ಕಿನ ಹಗ್ಗ ಎಷ್ಟು ಒಳ್ಳೆಯದಾದರೂ ದಿನಕ್ಕೆ ನೂರಾರು ಸಲ ಜಗ್ಗಿಸಿಕೊಂಡರೆ ಎಳೆ ಎಳೆಯಾಗಿ ಸವೆಯುತ್ತದೆ. ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರಬೇಕು.

ಚರಿತ್ರೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೊಳವೆಯಾಕಾರದ ಉಕ್ಕಿನ ಹಳಿ ಬಂದದ್ದು 1959ರಲ್ಲಿ, ಡಿಸ್ನಿಲ್ಯಾಂಡ್‌ನ ಮ್ಯಾಟರ್‌ಹಾರ್ನ್‌ನೊಂದಿಗೆ. 1977ರಲ್ಲಿ ಜರ್ಮನಿಯ ಆಂಟನ್ ಶ್ವಾರ್ಟ್ಸ್‌ಕೋಫ್ ಅವರ ಕೋಸ್ಟರ್‌ಗಳಲ್ಲಿ ಭಾರಿ ತೂಕವನ್ನು ಮೇಲಿನಿಂದ ಬೀಳಿಸಿ ಅದರ ಎಳೆತದಿಂದ ಬಂಡಿಯನ್ನು ಹಾರಿಸಿದರು. ಕೆಲವಕ್ಕೆ ತೂಕದ ಬದಲು ದೊಡ್ಡ ಫ್ಲೈವೀಲ್, ಅಂದರೆ ಜೋರಾಗಿ ತಿರುಗುವ ಭಾರದ ಚಕ್ರ ಇತ್ತು. 1996ರಲ್ಲಿ ಅಮೆರಿಕದಲ್ಲಿ ಇಂಡಕ್ಷನ್ ಮೋಟರ್ ಬಂತು, ಮರುವರ್ಷ ಸಿಂಕ್ರೊನಸ್. ಹೈಡ್ರಾಲಿಕ್‌ನ ಕಾಲ ಅದರ ನಂತರದ್ದು. 2003ರಲ್ಲಿ ಒಹಾಯೋದ ಸೀಡರ್ ಪಾಯಿಂಟ್‌ನಲ್ಲಿ 128 ಮೀಟರ್ ಎತ್ತರದ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್, 2005ರಲ್ಲಿ ನ್ಯೂಜೆರ್ಸಿಯಲ್ಲಿ 139 ಮೀಟರ್‌ನ ಕಿಂಗ್ಡಾ ಕಾ. ಈ ಎರಡರ ಹೆಸರು ನೆನಪಿಡಿ, ನಿಮ್ಮ ಎರಡನೇ ವಿಡಿಯೋಗೆ ಬಂದಾಗ ಬೇಕಾಗುತ್ತವೆ.

ಈಗ ಕರೆಂಟು ಹೋಗುವುದಕ್ಕೆ ಬರೋಣ. ಅದು ಮೂರು ಹೊತ್ತಿನಲ್ಲಿ ಹೋಗಬಹುದು. ಹೊರಡುವ ಮುಂಚೆ ಹೋದರೆ ಬಂಡಿ ಹೊರಡುವುದೇ ಇಲ್ಲ. ಕೂತವರನ್ನು ಸೀಟಿಗೆ ಹಿಡಿದಿಡುವ ಬಾರ್‌ಗಳೆಲ್ಲ ಬಿಗಿಯಾಗಿವೆ, ಮುಂದಿನ ಹಳಿ ಖಾಲಿಯಿದೆ, ಒತ್ತಡ ಸರಿಯಿದೆ ಎಂದು ಪ್ರತಿಯೊಂದು ಸೆನ್ಸರೂ ಹೌದು ಅನ್ನದಿದ್ದರೆ ಲಾಂಚ್ ಆಗುವುದಿಲ್ಲ, ಮತ್ತು ಕರೆಂಟಿಲ್ಲದ ಸೆನ್ಸರ್ ಹೌದು ಅನ್ನಲಾರದು. ಎಳೆಯುತ್ತಿರುವ ಆ ಐದು ಸೆಕೆಂಡಿನ ನಡುವೆ ಹೋದರೆ ಬಂಡಿಗೆ ಸಿಗಬೇಕಾದ ವೇಗ ಸಿಗದೆ ಹೋಗಬಹುದು. ಆಗ ಅದು ಮುಂದಿನ ಏರನ್ನು ದಾಟುತ್ತದೆ, ಇಲ್ಲವೇ ದಾಟಲಾರದೆ ಹಿಂದಕ್ಕೆ ಬರುತ್ತದೆ. ಎಳೆದು ಬಿಟ್ಟ ಮೇಲೆ ಹೋದರೆ ಬಂಡಿಗೆ ಅದು ಗೊತ್ತೂ ಆಗುವುದಿಲ್ಲ. ಕೈಬಿಟ್ಟ ಹಾಳೆಗೆ ಎಳೆದ ಹುಡುಗ ಮನೆಗೆ ಹೋದರೇನು, ಅಲ್ಲೇ ನಿಂತರೇನು.

ಹಾಗಾದರೆ ನಿಲ್ಲಿಸುವುದು ಯಾರು? ಉತ್ತರವನ್ನು ನಿಮ್ಮ ಬಚ್ಚಲುಮನೆಯಲ್ಲೇ ಕಣ್ಣಾರೆ ನೋಡಬಹುದು. ನಿಯೋಡಿಮಿಯಂ ಆಯಸ್ಕಾಂತ ಅಂತ ಚಿಕ್ಕ ಬಿಲ್ಲೆ ಸಿಗುತ್ತದೆ. ಅದನ್ನು ದಪ್ಪ ತಾಮ್ರದ ಹಂಡೆಗೆ ಹಿಡಿದು ನೋಡಿ, ಅಂಟುವುದಿಲ್ಲ. ತಾಮ್ರಕ್ಕೂ ಆಯಸ್ಕಾಂತಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಈಗ ಹಂಡೆಯನ್ನು ಓರೆ ಮಾಡಿ, ಅದರ ಮೈಮೇಲೆ ಬಿಲ್ಲೆಯನ್ನು ಜಾರಬಿಡಿ. ಜೇನುತುಪ್ಪದಲ್ಲಿ ಇಳಿದ ಹಾಗೆ ತಡೆದು ತಡೆದು ಇಳಿಯುತ್ತದೆ. ಆಯಸ್ಕಾಂತ ಚಲಿಸುವಾಗ ತಾಮ್ರದೊಳಗೆ ಸುಳಿಸುಳಿಯಾಗಿ ವಿದ್ಯುತ್ತು ಹುಟ್ಟುತ್ತದೆ, ಆ ವಿದ್ಯುತ್ತು ತನ್ನದೇ ಕಾಂತಕ್ಷೇತ್ರ ಮಾಡಿಕೊಂಡು, ತನ್ನನ್ನು ಹುಟ್ಟಿಸಿದ ಚಲನೆಗೇ ಅಡ್ಡ ನಿಲ್ಲುತ್ತದೆ. ಕೋಸ್ಟರ್‌ನ ಬ್ರೇಕ್ ಇಷ್ಟೇ. ಒಂದು ಕಡೆ ಕಾಯಂ ಆಯಸ್ಕಾಂತಗಳ ಸಾಲು, ಇನ್ನೊಂದು ಕಡೆ ತಾಮ್ರದ ಮಿಶ್ರಲೋಹದ ಪಟ್ಟಿ. ಒಂದು ಬಂಡಿಯಲ್ಲಿ, ಒಂದು ಹಳಿಯಲ್ಲಿ. ಒಂದನ್ನೊಂದು ಮುಟ್ಟುವುದಿಲ್ಲ. ವೈರಿಲ್ಲ, ಸ್ವಿಚ್ಚಿಲ್ಲ, ಚಾಲೂ ಮಾಡಬೇಕಾದ್ದು ಏನೂ ಇಲ್ಲ. ಆಯಸ್ಕಾಂತ ಆಯಸ್ಕಾಂತವಾಗಿರುವವರೆಗೆ, ತಾಮ್ರ ತಾಮ್ರವಾಗಿರುವವರೆಗೆ ಅದು ಹಿಡಿಯುತ್ತದೆ. ಎಷ್ಟು ವೇಗವಾಗಿ ನುಗ್ಗಿದರೂ ಬಂಡಿಯ ವೇಗವನ್ನು ಅದು ಹೀರಿಕೊಳ್ಳುತ್ತದೆ, ಒದ್ದೆಯಾಗಿದ್ದರೂ ಹಿಡಿತ ತಪ್ಪುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ನಮ್ಮ ಆಗುಂಬೆಯಲ್ಲಿ ಇಟ್ಟರೂ ಆ ಬ್ರೇಕ್ ಕೆಲಸ ಮಾಡುತ್ತದೆ. ಸೈಕಲ್ಲಿನ ರಬ್ಬರ್ ಬ್ರೇಕನ್ನು ಮಳೆಯಲ್ಲಿ ಹಿಡಿದು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಒಂದು ಮಿತಿ ಇದೆ, ಅದನ್ನೂ ಹೇಳಬೇಕು. ಚಲನೆ ಕಡಿಮೆಯಾದಂತೆ ಈ ಹಿಡಿತವೂ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ಆಮೆಯ ನಡಿಗೆಗೆ ತರುತ್ತದೆ. ಕೊನೆಯ ನಿಲುಗಡೆಗೆ ಎರಡು ಕಡೆಯಿಂದ ಅಮುಕುವ ಸಾಮಾನ್ಯ ಬ್ರೇಕ್ ಅಥವಾ ರಬ್ಬರ್ ಗಾಲಿಗಳಿರುತ್ತವೆ. ಅಮುಕುವ ಬ್ರೇಕುಗಳಲ್ಲೂ ಕ್ರಮ ತಿರುವುಮುರುವು. ಗಾಳಿಯ ಒತ್ತಡ ಬೇಕಾಗುವುದು ಬ್ರೇಕನ್ನು ಬಿಡಿಸುವುದಕ್ಕೆ. ಒತ್ತಡ ಹೋದರೆ ಬ್ರೇಕ್ ಬಿಗಿಯುತ್ತದೆ. ನಮ್ಮ ತಾಳಗುಪ್ಪ ರೈಲಿನಲ್ಲೂ ಇದೇ ತತ್ವ. ಪೈಪಿನ ಒತ್ತಡ ಇಳಿದರೆ ಬ್ರೇಕ್ ತಾನಾಗಿ ಹಿಡಿಯುತ್ತದೆ, ಅದಕ್ಕೇ ಬೋಗಿಯ ಚೈನು ಎಳೆದರೆ ರೈಲು ನಿಲ್ಲುವುದು.

ನನ್ನ ಅನುಭವದ ಒಂದು ರಾತ್ರಿ ಹೇಳುತ್ತೇನೆ. ದಕ್ಷಿಣದ ಒಂದು ಪಾರ್ಕ್‌ನಲ್ಲಿ ಚೈನಿನ ಕೋಸ್ಟರ್ ನನ್ನ ಜವಾಬ್ದಾರಿಯಲ್ಲಿತ್ತು. ಏಪ್ರಿಲ್ ಕೊನೆ, ಸಂಜೆ ಏಳಕ್ಕೆ ಗುಡುಗು ಶುರುವಾಯಿತು. ರೈಡ್ ನಿಲ್ಲಿಸಬೇಕೆಂದು ವಾಕಿಟಾಕಿಯಲ್ಲಿ ಹೇಳುವಷ್ಟರಲ್ಲಿ ಕರೆಂಟು ಹೋಯಿತು. ಒಂದು ಬಂಡಿ ಏರಿನ ಮುಕ್ಕಾಲು ಭಾಗದಲ್ಲಿ ನಿಂತಿತು. ಏರುವಾಗ ಟಕ್ ಟಕ್ ಟಕ್ ಅಂತ ಸದ್ದು ಕೇಳುತ್ತದಲ್ಲ, ಅದು ಬಂಡಿಯ ಅಡಿಯ ಉಕ್ಕಿನ ನಾಲಿಗೆ ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು. ಚೈನು ನಿಂತರೂ, ತುಂಡಾದರೂ ಆ ನಾಲಿಗೆ ಬಂಡಿಯನ್ನು ಹಿಂದಕ್ಕೆ ಬಿಡುವುದಿಲ್ಲ. ಜನರೇಟರ್ ತಡವಾಯಿತು. ಪಕ್ಕದ ಮೆಟ್ಟಿಲಲ್ಲಿ ನಾವು ಮೂವರು ಹತ್ತಿ, ಹಿಂದಿನ ಸಾಲಿನಿಂದ ಶುರುಮಾಡಿ ಒಬ್ಬೊಬ್ಬರ ಬಾರನ್ನು ಕೀಲಿಯಿಂದ ಬಿಚ್ಚಿ, ಕೈಹಿಡಿದು ಇಳಿಸಿದೆವು. ಹದಿನಾಲ್ಕು ಜನ, ನಲವತ್ತು ನಿಮಿಷ. ಎಂಟು ವರ್ಷದ ಹುಡುಗಿಯೊಬ್ಬಳು ಪ್ರತಿ ಮೆಟ್ಟಿಲನ್ನೂ ಗಟ್ಟಿಯಾಗಿ ಎಣಿಸುತ್ತ ಇಳಿದಳು. ಯಂತ್ರ ಆ ಹೊತ್ತು ಮಾಡಬೇಕಾದ್ದನ್ನೇ ಮಾಡಿತ್ತು. ನನ್ನ ಕಾಲು ನಡುಗುತ್ತಿದ್ದದ್ದು ಮಿಂಚಿಗೆ. ಅಷ್ಟು ಎತ್ತರದ ಕಬ್ಬಿಣದ ಮೇಲೆ ಜನ ಕೂತಿದ್ದರು. ಗುಡುಗು ಕೇಳಿದರೆ ರೈಡ್ ನಿಲ್ಲಿಸುವ ನಿಯಮದ ಬಗ್ಗೆ ಆಮೇಲೆ ನಾನು ಯಾರ ಜೊತೆಗೂ ವಾದಕ್ಕೆ ನಿಲ್ಲಲಿಲ್ಲ, ಆಕಾಶ ಕಪ್ಪಾದ ಕೂಡಲೇ ನಿಲ್ಲಿಸಿಬಿಡುತ್ತಿದ್ದೆ.

ಇನ್ನು ನಿಮ್ಮ ಎದೆ ಝಲ್ಲೆನ್ನಿಸಿದ ವಿಡಿಯೋ. ಅದಕ್ಕೆ ರೋಲ್‌ಬ್ಯಾಕ್ ಅನ್ನುತ್ತಾರೆ. 139 ಮೀಟರ್ ಏರಲು, ತಿಕ್ಕಾಟವೇ ಇಲ್ಲದಿದ್ದರೂ, ಗಂಟೆಗೆ 188 ಕಿ.ಮೀ. ವೇಗ ಬೇಕು. ಕಿಂಗ್ಡಾ ಕಾದ ಲಾಂಚ್ ವೇಗ 206. ನಡುವೆ ಉಳಿದದ್ದು ಅಷ್ಟೇ. ಅದರಲ್ಲೇ ಎದುರುಗಾಳಿ, ಗಾಲಿಯ ತಿಕ್ಕಾಟ, ಬಂಡಿಯ ತೂಕ ಎಲ್ಲ ಕಳೆಯಬೇಕು. ಡ್ರ್ಯಾಗ್‌ಸ್ಟರ್‌ನ ಕಥೆಯೂ ಇದೇ, ಬೇಕಾದದ್ದು 180, ಕೊಡುತ್ತಿದ್ದದ್ದು 193. ಒಂದಿಷ್ಟು ಕಡಿಮೆ ಬಿದ್ದರೆ ಬಂಡಿ ನೆತ್ತಿಯ ಹತ್ತಿರ ಹೋಗಿ, ನಿಂತು, ಹಿಂದಕ್ಕೆ ಬರುತ್ತಿತ್ತು. ಕಟ್ಟಿದವರಿಗೆ ಇದು ಮೊದಲೇ ಗೊತ್ತಿದ್ದ ಸಂಗತಿ. ಅದಕ್ಕಾಗಿಯೇ ಲಾಂಚ್ ಹಳಿಯ ಉದ್ದಕ್ಕೂ ತಾಮ್ರದ ಪಟ್ಟಿಗಳಿರುತ್ತವೆ. ಹೊರಡುವ ಮುಂಚೆ ಕೆಳಗಿಳಿಯುತ್ತವೆ, ಬಂಡಿ ದಾಟಿದ ಕೂಡಲೇ ಒಂದರ ಹಿಂದೆ ಒಂದು ಮೇಲೇಳುತ್ತವೆ. ಹಿಂದಕ್ಕೆ ಬಂದ ಬಂಡಿ ಆ ಪಟ್ಟಿಗಳ ನಡುವೆ ಸಿಕ್ಕಿ ವೇಗ ಕಳೆದುಕೊಳ್ಳುತ್ತದೆ. ನೋಡುವವರಿಗೆ ಅಪಘಾತದಂತೆ ಕಾಣುವುದು ಒಳಗೆ ಲೆಕ್ಕ ಹಾಕಿಟ್ಟ ಘಟನೆ. ಫಾರ್ಮುಲಾ ರೊಸ್ಸಾದಲ್ಲಿ ಆ 52 ಮೀಟರ್ ಏರಿಗೆ ಬೇಕಾಗುವುದು ಸುಮಾರು 115 ಕಿ.ಮೀ. ವೇಗ, ಇರುವುದು 240. ಎರಡರ ನಡುವಿನ ಅಂತರ ನೀವೇ ನೋಡಿ. ಅಂದಹಾಗೆ ಕಿಂಗ್ಡಾ ಕಾ ಈಗ ಇಲ್ಲ. 2024ರಲ್ಲಿ ಮುಚ್ಚಿ, 2025ರ ಫೆಬ್ರುವರಿಯಲ್ಲಿ ಸ್ಫೋಟಕ ಇಟ್ಟು ಕೆಡವಿದರು. ಡ್ರ್ಯಾಗ್‌ಸ್ಟರ್‌ನ ಹೈಡ್ರಾಲಿಕ್ ಯಂತ್ರವನ್ನೂ ತೆಗೆದು, 2024ರಲ್ಲಿ ಆಯಸ್ಕಾಂತದ ಲಾಂಚ್‌ಗೆ ಬದಲಾಯಿಸಿದರು.

ಹಾಗಾದರೆ ಅನಾಹುತ ಆಗಿಯೇ ಇಲ್ಲವೇ? ಆಗಿವೆ. ಅದನ್ನು ಮುಚ್ಚಿಟ್ಟು ನಿಮಗೆ ಉತ್ತರ ಬರೆದರೆ ನನಗೆ ಸಮಾಧಾನವಿರುವುದಿಲ್ಲ. 2015ರ ಜೂನ್‌ನಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕ್‌ನ ಸ್ಮೈಲರ್ ಎಂಬ ಕೋಸ್ಟರ್‌ನಲ್ಲಿ ಜನ ತುಂಬಿದ ಬಂಡಿ, ಹಳಿಯ ಮೇಲೆ ನಿಂತಿದ್ದ ಖಾಲಿ ಬಂಡಿಗೆ ಗುದ್ದಿತು. 16 ಜನರಿಗೆ ಗಾಯ, ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಕೋಸ್ಟರ್‌ನ ಹಳಿಯನ್ನು ರೈಲ್ವೆಯವರ ಹಾಗೆ ತುಂಡುತುಂಡಾಗಿ ವಿಂಗಡಿಸಿರುತ್ತಾರೆ. ಒಂದು ತುಂಡಿನಲ್ಲಿ ಬಂಡಿಯಿದ್ದರೆ ಅದರ ಹಿಂದಿನ ತುಂಡಿನಿಂದ ಇನ್ನೊಂದನ್ನು ಕಂಪ್ಯೂಟರ್ ಬಿಡುವುದಿಲ್ಲ. ಆ ದಿನವೂ ಕಂಪ್ಯೂಟರ್ ಬಿಟ್ಟಿರಲಿಲ್ಲ. ಖಾಲಿ ಬಂಡಿ ಅಲ್ಲಿರುವುದು ಗೊತ್ತಿಲ್ಲದ ಸಿಬ್ಬಂದಿ, ಕಂಪ್ಯೂಟರೇ ತಪ್ಪು ಹೇಳುತ್ತಿದೆ ಎಂದುಕೊಂಡು ಅದನ್ನು ಮೀರಿ ಬಂಡಿ ಬಿಟ್ಟರು. ಕಂಪನಿಗೆ 50 ಲಕ್ಷ ಪೌಂಡ್ ದಂಡ ಬಿತ್ತು. ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದ ಪ್ರತಿಯೊಬ್ಬ ಹುಡುಗನಿಗೂ ಈ ಘಟನೆಯನ್ನು ಮೊದಲ ದಿನವೇ ಹೇಳುತ್ತಿದ್ದೆ. ಯಂತ್ರ ಬೇಡ ಅಂದಾಗ ಮೊದಲು ಎದ್ದು ಹೋಗಿ ಹಳಿಯನ್ನು ಕಣ್ಣಾರೆ ನೋಡು, ಸಾಲಿನಲ್ಲಿ ನಿಂತ ಜನ ಬೈಯಲಿ.

2021ರ ಆಗಸ್ಟ್‌ನಲ್ಲಿ ಡ್ರ್ಯಾಗ್‌ಸ್ಟರ್‌ನ ಬಂಡಿಯಿಂದ ಕಳಚಿದ ಲೋಹದ ತುಂಡೊಂದು ಸಾಲಿನಲ್ಲಿ ನಿಂತಿದ್ದ ಮಹಿಳೆಯ ತಲೆಗೆ ಬಡಿದು ತೀವ್ರ ಗಾಯವಾಯಿತು. ಆ ರೂಪದಲ್ಲಿ ರೈಡ್ ಮತ್ತೆ ಓಡಲಿಲ್ಲ. 2023ರಲ್ಲಿ ಅಮೆರಿಕದ ಕ್ಯಾರೊವಿಂಡ್ಸ್ ಪಾರ್ಕ್‌ನಲ್ಲಿ ಫ್ಯೂರಿ 325 ಎಂಬ ಕೋಸ್ಟರ್‌ನ ಒಂದು ಉಕ್ಕಿನ ಕಂಬ ಬಿರುಕು ಬಿಟ್ಟಿತ್ತು. ಬಂಡಿ ಹಾದಾಗಲೆಲ್ಲ ಕಂಬದ ತಲೆ ಸರಿಯುವುದನ್ನು ಮೊದಲು ಗಮನಿಸಿ ವಿಡಿಯೋ ಮಾಡಿ ತೋರಿಸಿದ್ದು ಒಬ್ಬ ಸಾಮಾನ್ಯ ಪ್ರೇಕ್ಷಕ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದ ಹಿರಿಯರನ್ನು ಕೇಳಿ ನೋಡಿ, ಉಕ್ಕಿಗೂ ದಣಿವಿದೆ ಅನ್ನುತ್ತಾರೆ. ಒಂದೇ ಜಾಗಕ್ಕೆ ಲಕ್ಷಗಟ್ಟಲೆ ಸಲ ಒತ್ತು ಬಿದ್ದರೆ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಬೆಳೆಯುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಹಳಿಯ ಉದ್ದಕ್ಕೂ ನಡೆದು ನೋಡಬೇಕು, ಖಾಲಿ ಬಂಡಿ ಓಡಿಸಬೇಕು, ಬೆಸುಗೆಗಳನ್ನು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಬೇಕು, ವರ್ಷಕ್ಕೊಮ್ಮೆ ಬಂಡಿಯನ್ನು ನಟ್ಟು ಬೋಲ್ಟಿನವರೆಗೆ ಬಿಚ್ಚಬೇಕು. ಇದನ್ನು ನಿಷ್ಠೆಯಿಂದ ಮಾಡುವ ಕಡೆ ನನಗೆ 240 ಕಿ.ಮೀ. ವೇಗದ ಹೆದರಿಕೆಯಿಲ್ಲ. ನಾನು ಹೆದರಿದ್ದು ನಮ್ಮ ಮಲೆನಾಡಿನದೇ ಒಂದು ಜಾತ್ರೆಯಲ್ಲಿ. ತೊಟ್ಟಿಲಿನ ಪಿನ್ನಿಗೆ, ಅದು ಜಾರದಂತೆ ತಡೆಯುವ ಸ್ಪ್ಲಿಟ್ ಪಿನ್ ಇರಬೇಕಾದ ಜಾಗದಲ್ಲಿ ಕಟ್ಟಡದವರು ಬಳಸುವ ಬೈಂಡಿಂಗ್ ವೈರ್ ಸುತ್ತಿದ್ದರು. ಹತ್ತು ಕಿ.ಮೀ. ವೇಗವೂ ಇಲ್ಲದ ಜಯಂಟ್ ವೀಲ್ ಅದು. ಮೊಮ್ಮಗನನ್ನು ಇಳಿಸಿಕೊಂಡು, ನಡೆಸುವವನನ್ನು ಕರೆದು ತೋರಿಸಿ, ಅವನು ಅದನ್ನು ಬದಲಾಯಿಸುವವರೆಗೆ ಅಲ್ಲೇ ನಿಂತಿದ್ದೆ.

ಬಂಡಿ ಹಳಿ ಬಿಟ್ಟು ಹಾರುವ ಭಯವನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಗಾಲಿಗಳು ಹಳಿಯ ಮೇಲೆ ಮಾತ್ರ ಇರುವುದಿಲ್ಲ, ಪಕ್ಕದಲ್ಲೂ ಇರುತ್ತವೆ, ಅಡಿಯಲ್ಲೂ ಇರುತ್ತವೆ. ಮೂರು ಕಡೆಯಿಂದ ಹಳಿಯನ್ನು ತಬ್ಬಿ ಹಿಡಿದಿರುತ್ತವೆ. ಅಡಿಗಾಲಿಯ ಉಪಾಯಕ್ಕೆ ನೂರು ವರ್ಷ ದಾಟಿದೆ.

ಈಗ ನಿಮ್ಮ ದೇಹದ ವಿಷಯ. ಇಲ್ಲಿ ನಾನು ಎಂಜಿನಿಯರ್ ಮಾತ್ರ, ವೈದ್ಯನಲ್ಲ. ಯಂತ್ರ ನಿಮ್ಮ ಮೈಗೆ ಏನು ಮಾಡುತ್ತದೆ ಎಂಬುದನ್ನು ಹೇಳಬಲ್ಲೆ. 4.9 ಸೆಕೆಂಡಿನಲ್ಲಿ 240 ಅಂದರೆ ಸರಾಸರಿ 1.4 ಜಿ, ಎಂದರೆ ನಿಮ್ಮ ತೂಕದ 1.4 ಪಟ್ಟು ಒತ್ತು. ನಿಮ್ಮ ತೂಕ 70 ಕಿಲೋ ಆದರೆ ಸುಮಾರು 98 ಕಿಲೋ ಭಾರ ಎದೆಯ ಮೇಲೆ ಕೂತು ಬೆನ್ನನ್ನು ಸೀಟಿಗೆ ಒತ್ತಿದಂತೆ. ಹನ್ನೆರಡು ಸೆಕೆಂಡಿನಲ್ಲಿ ನೂರು ಮುಟ್ಟುವ ಸಾಮಾನ್ಯ ಕಾರು ಕೊಡುವುದು ಇದರ ಆರರಲ್ಲಿ ಒಂದು ಪಾಲು. ಎದೆಯಿಂದ ಬೆನ್ನಿಗೆ ಬೀಳುವ ಒತ್ತನ್ನು ಮನುಷ್ಯ ಚೆನ್ನಾಗಿ ತಡೆಯುತ್ತಾನೆ, ಬೆನ್ನಿಗೆ ಪೂರ್ತಿ ಆಸರೆ ಇರುತ್ತದೆ, ರಕ್ತ ತಲೆಯಿಂದ ಕಾಲಿಗೆ ಓಡುವುದಿಲ್ಲ. ಹಾಗೆಂದು ಮಿತಿಯೇ ಇಲ್ಲ ಎಂದಲ್ಲ. ಜಪಾನಿನ ಫುಜಿ-ಕ್ಯೂ ಹೈಲ್ಯಾಂಡ್‌ನ ಡೊ-ಡೊಡೊನ್ಪಾ 1.56 ಸೆಕೆಂಡಿನಲ್ಲಿ 180 ಕಿ.ಮೀ. ಮುಟ್ಟುತ್ತಿತ್ತು. ಅದು ಸರಾಸರಿ 3.3 ಜಿ. ಕೂತವರಲ್ಲಿ ಹಲವರು ಮೂಳೆ ಮುರಿದದ್ದಾಗಿ ದೂರಿದ ಮೇಲೆ 2021ರಲ್ಲಿ ನಿಲ್ಲಿಸಿದರು. ಅದು ಮತ್ತೆ ತೆರೆಯಲೇ ಇಲ್ಲ.

ಹೃದಯದ ಮಾತು ಬೇರೆ. 2005ರಲ್ಲಿ ಜರ್ಮನಿಯ ಮಾನ್‌ಹೈಮ್‌ನ ವೈದ್ಯರು 55 ಆರೋಗ್ಯವಂತರನ್ನು ಗಂಟೆಗೆ 120 ಕಿ.ಮೀ. ವೇಗದ ಕೋಸ್ಟರ್‌ನಲ್ಲಿ ಕೂರಿಸಿ ನೋಡಿದ್ದರು. ನಿಮಿಷಕ್ಕೆ ಸರಾಸರಿ 91 ಇದ್ದ ಎದೆಬಡಿತ 153ಕ್ಕೆ ಏರಿತು. ನಾಲ್ಕೈದು ನಿಮಿಷ ಗುಡ್ಡ ಹತ್ತಿದರೂ ಅಷ್ಟು ಏರಬಹುದು, ಆದರೆ ಇಲ್ಲಿ ಅದು ಕೆಲವೇ ಕ್ಷಣದಲ್ಲಿ, ಹೆದರಿಕೆಯೂ ಸೇರಿ ಏರುತ್ತದೆ. ರಕ್ತದೊತ್ತಡವೂ ಜೊತೆಗೆ ಏರುತ್ತದೆ. ಇಂಥ ರೈಡ್‌ಗಳ ಬಾಗಿಲಲ್ಲಿ ಹಾಕುವ ಫಲಕದಲ್ಲಿ ರಕ್ತದೊತ್ತಡ, ಹೃದಯದ ಕಾಯಿಲೆ, ಕುತ್ತಿಗೆ, ಬೆನ್ನಿನ ತೊಂದರೆ ಎಂದು ಬರೆಯುವುದು ಸುಮ್ಮನೆ ಅಲ್ಲ. ಆದ್ದರಿಂದ ಹೊರಡುವ ಮುಂಚೆ ನಿಮ್ಮನ್ನು ನೋಡುವ ಡಾಕ್ಟರ ಹತ್ತಿರ ಹೋಗಿ, ಮಗಳು ಕಳಿಸಿದ ವಿಡಿಯೋವನ್ನೇ ತೋರಿಸಿ ಕೇಳಿ. ಬರೀ ‘ರೈಡ್’ ಅಂದರೆ ಅವರು ಮಕ್ಕಳ ರೈಲು ಎಂದುಕೊಂಡಾರು. ಬಿಪಿ ಹತೋಟಿಯಲ್ಲಿದ್ದು, ಹೃದಯ ಸರಿಯಿದ್ದು, ಅವರು ಒಪ್ಪಿದರೆ ಕೂರಿ. ಒಂದು ಕ್ಷಣ ಯೋಚನೆಗೆ ಬಿದ್ದರೂ ಬೇಡ, ಮಗಳು ಅಳಿಯ ಕೂತು ಬರಲಿ. ಮಗಳ ಮುಖ ನೋಡಿ ಬಿಪಿಯ ವಿಷಯ ಮಾತ್ರ ಮುಚ್ಚಿಡಬೇಡಿ. ನಿಮ್ಮ ಮನೆಯವರಿಗೆ ಮಂಡಿ, ಸೊಂಟದ ನೋವಿದ್ದರೆ ಅವರಿಗೂ ಇದೇ ಮಾತು.

ಕೂರುವುದಾದರೆ, ವಿಮಾನ ಇಳಿದ ಮರುದಿನವೇ ಹೋಗಬೇಡಿ, ನಿದ್ದೆ ತೀರಲಿ. ಆ ಬೆಳಗಿನ ಮಾತ್ರೆ ತಪ್ಪಿಸಬೇಡಿ. ಪಾರ್ಕ್ ಒಳಾಂಗಣದ್ದಾದರೂ ಈ ಕೋಸ್ಟರ್‌ನ ಹಳಿ ಹೊರಗೆ ಬಿಸಿಲಲ್ಲಿ ಓಡುತ್ತದೆ, ನೀರು ಕುಡಿದಿರಿ. ಊಟವಾಗಿ ಎರಡು ಗಂಟೆ ಕಳೆದಿರಲಿ. ಬಾಯಲ್ಲಿ ಕವಳ ಇಟ್ಟುಕೊಂಡು ಕೂರಲೇಬೇಡಿ. ಎಳೆತದ ಹೊಡೆತಕ್ಕೆ ಅಡಿಕೆ ಚೂರು ಗಂಟಲಿಗೆ ಜಾರಿದರೆ ಆ ವೇಗದಲ್ಲಿ ಯಾರೂ ಸಹಾಯಕ್ಕೆ ಬರಲಾರರು. ಕಟ್ಟಿಸಿದ ಹಲ್ಲಿನ ಸೆಟ್ಟಿದ್ದರೆ, ಕಿವಿಯ ಯಂತ್ರವಿದ್ದರೆ, ಕನ್ನಡಕ, ಮೊಬೈಲು, ಹೆಗಲ ಟವೆಲು ಎಲ್ಲವನ್ನೂ ಮನೆಯವರ ಕೈಯಲ್ಲಿ ಕೊಟ್ಟು ಹೋಗಿ. ಕಣ್ಣಿಗೆ ಅವರೇ ಗಾಗಲ್ಸ್ ಕೊಡುತ್ತಾರೆ. ಆ ವೇಗದಲ್ಲಿ ಒಂದು ಮರಳಿನ ಕಣವೋ ನೊಣವೋ ಕಣ್ಣಿಗೆ ಬಡಿದರೂ ಪೆಟ್ಟಾಗುತ್ತದೆ, ಬೇಡ ಅನ್ನದೆ ಬಿಗಿಯಾಗಿ ಹಾಕಿಕೊಳ್ಳಿ. ಮೊದಲ ಸಲಕ್ಕೆ ಮುಂದಿನ ಸಾಲು ಬೇಡ, ಗಾಳಿಯ ಹೊಡೆತ ಅಲ್ಲೇ ಹೆಚ್ಚು. ನಡುವಿನ ಸಾಲು ಕೇಳಿ.

ಕೊನೆಯದು, ಹೆಚ್ಚಿನವರು ತಪ್ಪುವುದು ಇಲ್ಲೇ. ಬಾರ್ ಇಳಿದು ಬಿಗಿಯಾದ ಕೂಡಲೇ ತಲೆಯನ್ನು ಹಿಂದಿನ ದಿಂಬಿಗೆ ಒತ್ತಿ ಇಟ್ಟುಕೊಳ್ಳಿ. ಪಕ್ಕದಲ್ಲಿ ಕೂತ ಮಗಳನ್ನು ನೋಡಲೆಂದು ಕತ್ತು ತಿರುಗಿಸಬೇಡಿ, ಹೊರಡುವ ಸೂಚನೆಗೆ ಕಾಯಬೇಡಿ. ಎಳೆತ ಶುರುವಾದ ಮೇಲೆ ತಲೆಯನ್ನು ಹಿಂದಕ್ಕೆ ತರುವ ಕೆಲಸ ನಿಮ್ಮ ಕೈಯಲ್ಲಿ ಇರುವುದಿಲ್ಲ, ಕುತ್ತಿಗೆ ಉಳುಕುವುದು ಆಗಲೇ.